ವೆಬ್ ಫೀಡಿನ ನಮೂದುಗಳೂ ಅರ್ಥಜಾಲವೂ

ಪತ್ರಿಕೆಗಳು, ಗ್ರಂಥಭಂಡಾರಗಳು, ವಿದ್ವತ್ಸಂಘಗಳು ಮೊದಲಾದವು ತಮ್ಮ ವೆಬ್ ತಾಣಗಳಲ್ಲಿ ಹೊಸದಾಗಿ ಪ್ರಕಟಿಸಿದ ಬರಹಗಳ ಪಟ್ಟಿಯೊಂದನ್ನು ಯಂತ್ರಗಳು ಓದಿಕೊಳ್ಳತಕ್ಕ ಕ್ರಮದಲ್ಲಿ ಸಿದ್ಧಪಡಿಸಿಡುವ ಪದ್ಧತಿಯು ೧೯೯೯ನೆಯ ಇಸವಿಯಿಂದೀಚೆಗೆ ಪ್ರಚಾರಕ್ಕೆ ಬಂದಿತು. ಈ ಪಟ್ಟಿಗೆ ಫೀಡು ಎಂದು ಹೆಸರು. ಅದರಲ್ಲಿರುವ ಒಂದೊಂದು ಬಾಬೂ ಒಂದು ನಮೂದು. ಶೀರ್ಷಿಕೆ, ಪೂರ್ಣಲೇಖನವು ದೊರೆಯುವ ವಿಳಾಸ, ಸಂಕ್ಷೇಪ, ಬರೆದವರ ಹೆಸರು, ಪ್ರಕಟವಾದ ಕಾಲ ಇವು ನಮೂದಿನಲ್ಲಿ ಸಾಮಾನ್ಯವಾಗಿ ಇರುವುವು. ಓದುವವನು ತಾನೇ ನೂರು ತಾಣಗಳನ್ನು ಸುತ್ತುವ ಶ್ರಮವಿಲ್ಲದೆ, ಅವನ ಪರವಾಗಿ ಒಂದು ತಂತ್ರಾಂಶವು ನೂರು ಫೀಡುಗಳನ್ನು ಆಗಾಗ ತರಿಸಿಕೊಂಡು ಹೊಸ ನಮೂದುಗಳನ್ನು ಮುಂದಿಡುವುದು. ಇಷ್ಟರಲ್ಲಿ ವಿದ್ವಾಂಸರು ವಿಚಾರಿಸತಕ್ಕದ್ದೇನೂ ಇಲ್ಲವೆಂದು ತೋರಬಹುದು. ಆದರೆ ಇಂಥ ನಮೂದನ್ನು ಅರ್ಥವುಳ್ಳ ಒಂದು ಹೇಳಿಕೆಯನ್ನಾಗಿ ಬರೆದಿಡಲು ಹೊರಟಾಗ, ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಚಿರಪರಿಚಿತವಾದ ಪ್ರಶ್ನೆಗಳೇ ಎದುರಾದುವು. ಒಂದು ಬರಹವನ್ನು ‘ಅದೇ ಬರಹ’ವೆಂದು ಗುರುತಿಸುವುದು ಯಾವುದರಿಂದ? ತಿದ್ದಿದ ಮೇಲೆ ಅದು ಹಿಂದಿನದೋ, ಬೇರೆಯೋ? ಪ್ರತಿಯಲ್ಲಿ ಕಾಣದ ಭಾಗವು ಲುಪ್ತವಾದುದೋ, ಮೊದಲೇ ಇಲ್ಲದುದೋ? ಈ ಚರಿತ್ರೆಯಲ್ಲಿ ನಡೆದ ಜಗಳವೆಲ್ಲವೂ ಬರವಣಿಗೆಯ ರೂಪದ ವಿಷಯವಾಗಿಯೇ ನಡೆದಂತೆ ಮೇಲುನೋಟಕ್ಕೆ ಕಾಣುವುದು. ಒಳಹೊಕ್ಕು ನೋಡಿದರೆ ಕೊನೆಗೆ ನಿಂತುದು ರೂಪವಲ್ಲ, ಈ ಪ್ರಶ್ನೆಗಳಿಗೆ ದೊರೆತ ಉತ್ತರಗಳು.

ಅರ್ಥಜಾಲ ಅಥವಾ ಸೆಮ್ಯಾಂಟಿಕ್ ವೆಬ್ ಎಂಬುದಕ್ಕೆ ತಳಹದಿಯು ಆರ್‌ಡಿಎಫ್ ಎಂಬ ನಿರೂಪಣಪದ್ಧತಿ. ಓರಾ ಲಾಸಿಲಾ, ರಾಲ್ಫ್ ಸ್ವಿಕ್ ಎಂಬುವರು ಸಂಪಾದಿಸಿದ ಅದರ ಮೊದಲ ಪ್ರಮಾಣಪತ್ರವನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಮ್ ಸಂಸ್ಥೆಯು ೧೯೯೯ನೆಯ ಫೆಬ್ರವರಿ ೨೨ರಂದು ಹೊರಡಿಸಿತು. ತಿಳಿದ ಸಂಗತಿಯೆಲ್ಲವನ್ನೂ ಮೂರು ಅಂಗಗಳ ಸಣ್ಣ ವಾಕ್ಯಗಳನ್ನಾಗಿ ಒಡೆಯುವುದು ಈ ಪದ್ಧತಿಯ ಸಾರ. ಒಂದು ಪದಾರ್ಥ, ಅದಕ್ಕಿರುವ ಒಂದು ಸಂಬಂಧ, ಆ ಸಂಬಂಧದ ಇನ್ನೊಂದು ತುದಿ: ‘ಕಾವ್ಯಾವಲೋಕನ — ಕರ್ತೃ — ನಾಗವರ್ಮ’ ಎಂಬಂತೆ. ಈ ಮೂರರ ಗುಂಪನ್ನು ತ್ರಿಪದಿಯೆನ್ನಬಹುದಾಗಿತ್ತು. ಆದರೆ ಕನ್ನಡದಲ್ಲಿ ಆ ಹೆಸರಿಗೆ ಛಂದಸ್ಸಿನವರು ಹಿಂದಿನಿಂದಲೂ ಹಕ್ಕುದಾರರಾಗಿರುವುದರಿಂದ ತ್ರಿಕವೆಂದು ಕರೆಯುವುದು ಮೇಲು. ಪದಾರ್ಥಕ್ಕೂ ಸಂಬಂಧಕ್ಕೂ ವೆಬ್ ವಿಳಾಸದ ಮಾದರಿಯ ಹೆಸರು ಕೊಡಬೇಕು. ಅದಕ್ಕೆ ಯುಆರ್‌ಐ ಎನ್ನುವರು. ಮೂರನೆಯದು ಅಂಥ ಹೆಸರೂ ಆಗಬಹುದು, ಬರಿಯ ಅಕ್ಷರಪಂಕ್ತಿಯೂ ಆಗಬಹುದು. ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಜನರು ಬರೆದ ತ್ರಿಕಗಳಲ್ಲಿ ಒಂದೇ ಹೆಸರು ಕಂಡರೆ, ಅವೆಲ್ಲವೂ ಆ ಒಂದು ಪದಾರ್ಥವನ್ನು ಕುರಿತವೆಂದು ತಿಳಿದು ಕೂಡಿಸಿಬಿಡಬಹುದು. ಪದ್ಧತಿಯ ಬಲವಿರುವುದು ಇಲ್ಲಿ. ಮುಂದೆ ನೋಡುವಂತೆ, ಅಪಾಯವಿರುವುದೂ ಇಲ್ಲಿಯೇ.

ಮದರಾಸಿನ ಐಐಟಿಯಲ್ಲಿ ವ್ಯಾಸಂಗ ಮಾಡಿ ಅಮೆರಿಕಕ್ಕೆ ಹೋದ ಆರ್. ವಿ. ಗುಹಾ ಅವರು ಸೈಕ್ ಎಂಬ ಜ್ಞಾನಕೋಶದ ಯೋಜನೆಯಲ್ಲಿ ದುಡಿದು, ಬಳಿಕ ಆಪಲ್ ಸಂಸ್ಥೆಯಲ್ಲಿ ಎಂಸಿಎಫ್ ಎಂಬ ವರ್ಣನಪದ್ಧತಿಯನ್ನು ರಚಿಸಿದ್ದರು. ೧೯೯೭ರಲ್ಲಿ ಅವರು ನೆಟ್‌ಸ್ಕೇಪ್ ಸಂಸ್ಥೆಗೆ ಬಂದು, ಟಿಮ್ ಬ್ರೇ ಅವರೊಡನೆ ಅದಕ್ಕೆ ಎಕ್ಸ್‌ಎಮ್‌ಎಲ್ ರೂಪವನ್ನು ಕೊಟ್ಟರು. ಆರ್‌ಡಿಎಫ್ ಹುಟ್ಟಿದ ಮೂಲಗಳಲ್ಲಿ ಇದೂ ಒಂದು. ೧೯೯೯ನೆಯ ಮಾರ್ಚಿಯಲ್ಲಿ ನೆಟ್‌ಸ್ಕೇಪಿನವರು ‘ಮೈ ನೆಟ್‌ಸ್ಕೇಪ್’ ಎಂಬ ತಮ್ಮ ಮುಖಪುಟಕ್ಕೆ ಹೊರಗಿನ ತಾಣಗಳ ಸುದ್ದಿಗಳನ್ನು ಸೇರಿಸಿಕೊಳ್ಳಲು ಒಂದು ರೂಪವನ್ನು ಗೊತ್ತುಮಾಡಿದರು. ಇದರಲ್ಲಿ ಗುಹಾ ಮತ್ತು ಡ್ಯಾನ್ ಲಿಬ್ಬಿ ಇವರ ಕೈಯಿತ್ತು. ಅದರ ಹೆಸರು ‘ಆರ್‌ಡಿಎಫ್ ಸೈಟ್ ಸಮ್ಮರಿ’, ಎಂದರೆ ಆರ್‌ಡಿಎಫ್‌ನಲ್ಲಿ ಬರೆದ ತಾಣಸಂಗ್ರಹ, ಸಂಕ್ಷೇಪವಾಗಿ ಆರ್‌ಎಸ್‌ಎಸ್. ಹೀಗೆ ಫೀಡು ಹುಟ್ಟಿದುದೇ ಅರ್ಥಜಾಲದ ಮನೆಯಲ್ಲಿ. ಆದರೆ ಈ ೦.೯ನೆಯ ಆವೃತ್ತಿಯ ರಚನೆಯನ್ನು ನೋಡಿದರೆ ಅದು ಹೆಸರಿಗೆ ಮಾತ್ರ ಆರ್‌ಡಿಎಫ್ ಆಗಿತ್ತೆನ್ನಬೇಕಾಗುವುದು. ನಮೂದುಗಳಿಗೆ ತಮ್ಮದೇ ಆದ ಯುಆರ್‌ಐ ಇರಲಿಲ್ಲ. ವಾಹಿನಿಯ ವರ್ಣನೆಯೂ ನಮೂದುಗಳೂ ಒಂದೇ ಕಡತದಲ್ಲಿ ಅಕ್ಕಪಕ್ಕದಲ್ಲಿದ್ದುವೇ ಹೊರತು, ‘ಈ ನಮೂದು ಈ ವಾಹಿನಿಯದು’ ಎಂಬ ತ್ರಿಕವು ಎಲ್ಲಿಯೂ ಇರಲಿಲ್ಲ.

ಅದೇ ವರ್ಷದ ಜುಲೈ ತಿಂಗಳಲ್ಲಿ ಹೊರಟ ೦.೯೧ನೆಯ ಆವೃತ್ತಿಯಲ್ಲಿ ಆರ್‌ಡಿಎಫ್ ಅನ್ನು ಕಿತ್ತುಹಾಕಿದರು. ಅದಕ್ಕೆ ನೆಟ್‌ಸ್ಕೇಪಿನವರು ಕೊಟ್ಟ ಕಾರಣಗಳು ಎರಡು: ತಾಣಗಳವರು ಬಯಸುವುದು ಸುದ್ದಿಯನ್ನು ಹಂಚುವ ಸಾಧನವನ್ನೇ ಹೊರತು ವರ್ಣನೆಯ ಪದ್ಧತಿಯನ್ನಲ್ಲ, ಆರ್‌ಡಿಎಫ್‌ನ ಕಟ್ಟುನಿಟ್ಟು ಮನುಷ್ಯರಿಗೆ ಸುಲಭವಾಗಿ ತಿಳಿಯುವಂಥದಲ್ಲ, ಎರಡನೆಯದಾಗಿ, ಅದನ್ನು ಬರೆಯಲೂ ಪರೀಕ್ಷಿಸಲೂ ತಕ್ಕ ಉಪಕರಣಗಳು ಇಲ್ಲ. ಈ ಎರಡೂ ಆ ಕಾಲಕ್ಕೆ ನಿಜವಾದುವೇ. ಹೆಸರು ಈಗ ‘ರಿಚ್ ಸೈಟ್ ಸಮ್ಮರಿ’ ಎಂದಾಯಿತು. ಮೂರಕ್ಷರ ಉಳಿದು ಅರ್ಥ ಬದಲಾಯಿತು. ಒಂದು ವಾಹಿನಿಯಲ್ಲಿ ೧೫ಕ್ಕಿಂತ ಹೆಚ್ಚು ನಮೂದುಗಳಿರಕೂಡದೆಂಬ ನಿಯಮವು ಮಾತ್ರ ಹಾಗೆಯೇ ನಿಂತಿತು. ಹದಿನಾರನೆಯದು ಬಂದೊಡನೆ ಮೊದಲನೆಯದು ಉದುರಿಹೋಗುವ ಪಟ್ಟಿಯನ್ನು ಇಂದಿನ ಸುದ್ದಿಗೆ ಒಪ್ಪಬಹುದು, ದಾಖಲೆಗೆ ಒಪ್ಪಲಾಗದು.

೨೦೦೦ನೆಯ ಡಿಸೆಂಬರಿನಲ್ಲಿ ಇದರ ವಂಶವು ಎರಡಾಗಿ ಒಡೆಯಿತು. ಆ ತಿಂಗಳ ೬ರಂದು ಆರ್‌ಎಸ್‌ಎಸ್-ಡೆವ್ ಎಂಬ ಮಂಡಲಿಯವರು ೧.೦ನೆಯ ಆವೃತ್ತಿಯನ್ನು ಪ್ರಕಟಿಸಿ ಆರ್‌ಡಿಎಫ್ ಅನ್ನು ಮತ್ತೆ ಬರಮಾಡಿಕೊಂಡರು. ರೇಯಲ್ ಡಾರ್ನ್‌ಫೆಸ್ಟ್, ಡ್ಯಾನ್ ಬ್ರಿಕ್ಲಿ, ಗುಹಾ ಮೊದಲಾದವರು ಈ ಮಂಡಲಿಯಲ್ಲಿದ್ದರು. ಆರನ್ ಸ್ವಾರ್ಟ್ಸ್ ಎಂಬ ಸದಸ್ಯನಿಗೆ ಆಗ ವಯಸ್ಸು ಹದಿನಾಲ್ಕು. ಅದೇ ತಿಂಗಳಿನ ಕೊನೆಯ ವಾರದಲ್ಲಿ ಡೇವ್ ವೈನರ್ ಅವರು ಆರ್‌ಡಿಎಫ್ ಇಲ್ಲದ ೦.೯೨ನೆಯದನ್ನು ಹೊರಡಿಸಿದರು, ೨೦೦೨ರಲ್ಲಿ ಅದು ೨.೦ ಆಗಿ ಬೆಳೆಯಿತು, ಆರ್‌ಎಸ್‌ಎಸ್ ಎಂಬುದಕ್ಕೆ ‘ರಿಯಲಿ ಸಿಂಪಲ್ ಸಿಂಡಿಕೇಷನ್’ ಎಂಬ ಮೂರನೆಯ ಅರ್ಥವೂ ಬಂದಿತು. ೨.೦ ಎಂಬುದು ೧.೦ರಿಂದ ಬೆಳೆದುದೆಂದು ಸಂಖ್ಯೆಯನ್ನು ನೋಡಿ ಊಹಿಸುವವರು ಮೋಸಹೋಗುವರು. ಅವು ದಾಯಾದಿಗಳೇ ಹೊರತು ತಂದೆಮಕ್ಕಳಲ್ಲ. ಹೆಸರು ಯಾರಿಗೆ ಸೇರತಕ್ಕದ್ದೆಂಬ ಆ ಕಾಲದ ವಿವಾದವನ್ನು ಇಲ್ಲಿ ವಿಸ್ತರಿಸುವುದರಿಂದ ಪ್ರಯೋಜನವಿಲ್ಲ.

೧.೦ನೆಯ ಆವೃತ್ತಿಯು ನಮೂದಿಗೆ ಹೆಸರನ್ನು ಕೊಟ್ಟಿತು. ಪ್ರತಿಯೊಂದು ನಮೂದಿಗೂ ‘ಅಬೌಟ್’ ಎಂಬ ಗುಣದಲ್ಲಿ ಒಂದು ಯುಆರ್‌ಐ ಬರೆಯಬೇಕು. ಅದು ಕಡತದಲ್ಲಿ ಅನನ್ಯವಾಗಿರಬೇಕು. ಸಾಧ್ಯವಾದಷ್ಟೂ ಲೇಖನದ ವಿಳಾಸವೇ ಆಗಿರಬೇಕು. ವಾಹಿನಿಯೊಳಗೆ ನಮೂದುಗಳ ಹೆಸರುಗಳನ್ನು ‘ಸೀಕ್’ ಎಂಬ ಅನುಕ್ರಮಪಟ್ಟಿಯಲ್ಲಿ ಮೊದಲು ಬರೆದು, ನಮೂದುಗಳನ್ನು ಅದರ ಹೊರಗೆ ಮತ್ತೊಮ್ಮೆ ಬರೆಯಬೇಕು. ಒಂದೇ ವಿಳಾಸವನ್ನು ಎರಡು ಸಲ ಬರೆಯಿಸುವ ಈ ಕ್ರಮವನ್ನು ವಿರೋಧಿಗಳು ಬಹಳವಾಗಿ ಹಾಸ್ಯಮಾಡಿದರು. ಆದರೆ ಅದು ವ್ಯರ್ಥವಾದ ಶ್ರಮವಲ್ಲ. ಕಡತದಲ್ಲಿ ಯಾವುದು ಮೇಲಿದೆ, ಯಾವುದು ಕೆಳಗಿದೆ ಎಂಬುದಕ್ಕೆ ಆರ್‌ಡಿಎಫ್‌ನಲ್ಲಿ ಅರ್ಥವಿಲ್ಲ. ತ್ರಿಕಗಳ ರಾಶಿಗೆ ಮೊದಲು ಕೊನೆಗಳಿಲ್ಲ. ಆದಕಾರಣ ಕ್ರಮವೂ ಅರ್ಥದ ಒಂದು ಭಾಗವಾಗಬೇಕಾದರೆ ಅದನ್ನು ಬಾಯಿಬಿಟ್ಟು ಹೇಳಲೇಬೇಕು. ಗ್ರಂಥದ ಪುಟಗಳಿಗೆ ಅಂಕೆ ಹಾಕದೆ ಕಟ್ಟು ಬಿಚ್ಚಿದವರು ಇದರ ಅಗತ್ಯವನ್ನು ಬಲ್ಲರು.

ಇನ್ನು ಕರ್ತೃವಿನ ಸಂಗತಿ. ೧.೦ನೆಯದಕ್ಕೆ ಜೋಡಿಸಿಕೊಳ್ಳಲು ಡಬ್ಲಿನ್ ಕೋರ್ ಎಂಬ ಹದಿನೈದು ಪದಗಳ ಗ್ರಂಥಸೂಚಿ ಪರಿಭಾಷೆಯು ಸಿದ್ಧವಾಗಿತ್ತು. ಈ ಡಬ್ಲಿನ್ ಐರ್ಲೆಂಡಿನದಲ್ಲ, ಅಮೆರಿಕದ ಒಹಾಯೋ ಪ್ರಾಂತದ ಊರು. ೧೯೯೫ರಲ್ಲಿ ಅಲ್ಲಿ ಸೇರಿದ ಗೋಷ್ಠಿಯಿಂದ ಅದಕ್ಕೆ ಈ ಹೆಸರು ಬಂದಿತು. ಅದರಲ್ಲಿ ‘ಕ್ರಿಯೇಟರ್’ ಎಂಬ ಪದದ ಮುಂದೆ ಫೀಡು ಬರೆಯುವವರು ಸಾಮಾನ್ಯವಾಗಿ ಅಕ್ಷರಪಂಕ್ತಿಯೊಂದನ್ನು ಬರೆದು ಸುಮ್ಮನಾಗುತ್ತಿದ್ದರು. ಅಕ್ಷರಪಂಕ್ತಿಯು ವ್ಯಕ್ತಿಯಲ್ಲ. ‘ಛಂದೋಂಬುಧಿ — ಕರ್ತೃ — ನಾಗವರ್ಮ’, ‘ಕಾವ್ಯಾವಲೋಕನ — ಕರ್ತೃ — ನಾಗವರ್ಮ’ ಎಂಬೆರಡು ತ್ರಿಕಗಳನ್ನು ಯಂತ್ರಕ್ಕೆ ಕೊಟ್ಟರೆ, ಅಕ್ಷರಗಳು ಒಂದೇ ಎಂಬುದನ್ನು ಮಾತ್ರ ಅದು ಕಾಣಬಲ್ಲುದು. ಒಬ್ಬನೋ ಇಬ್ಬರೋ ಎಂಬ ಪ್ರಶ್ನೆಯನ್ನು ಕೇಳುವುದಕ್ಕೆ ಕೂಡ ಅದರಲ್ಲಿ ಎಡೆಯಿಲ್ಲ. ಕರ್ಣಾಟಕದ ಕವಿಚರಿತ್ರೆಯನ್ನು ಬರೆದವರು ಇಬ್ಬರು ನಾಗವರ್ಮರನ್ನು ಬೇರ್ಪಡಿಸಲು ಎಷ್ಟು ಶಾಸನ ಕಾವ್ಯಗಳನ್ನು ಶೋಧಿಸಬೇಕಾಯಿತೆಂಬುದನ್ನು ವಾಚಕರು ಬಲ್ಲರು. ೨೦೦೦ದಲ್ಲಿ ಡ್ಯಾನ್ ಬ್ರಿಕ್ಲಿ ಮತ್ತು ಲಿಬ್ಬಿ ಮಿಲ್ಲರ್ ಇವರು ಆರಂಭಿಸಿದ ಫೋಫ್ ಎಂಬ ಪರಿಭಾಷೆಯು ವ್ಯಕ್ತಿಯನ್ನೇ ಒಂದು ಪದಾರ್ಥವನ್ನಾಗಿ ಮಾಡಿ, ಹೆಸರು ಅವನಿಗಿರುವ ಒಂದು ಗುಣ ಮಾತ್ರವೆಂದು ತಿಳಿಸಿತು.

ಇದಕ್ಕಿಂತಲೂ ಆಳವಾದ ತೊಡಕು ನಮೂದಿನ ಹೆಸರಿನಲ್ಲಿಯೇ ಅಡಗಿತ್ತು. ಲೇಖನದ ವಿಳಾಸವನ್ನೇ ನಮೂದಿಗೂ ಹೆಸರಾಗಿ ಕೊಟ್ಟರೆ, ನಮೂದಿನ ಬಗೆಗೆ ಹೇಳಿದ ಮಾತೆಲ್ಲವೂ ಲೇಖನದ ಬಗೆಗೆ ಹೇಳಿದಂತಾಗುವುದು. ಒಂದು ಪತ್ರಿಕೆಯು ತನ್ನ ಲೇಖನವನ್ನು ತನ್ನ ಫೀಡಿನಲ್ಲಿ ಒಂದು ಸಂಕ್ಷೇಪದೊಡನೆ ಪ್ರಕಟಿಸಿತು. ಇನ್ನೊಬ್ಬರು ಅದೇ ಲೇಖನವನ್ನು ತಮ್ಮ ಫೀಡಿನಲ್ಲಿ ಉದಾಹರಿಸಿ ಅದನ್ನು ಖಂಡಿಸುವ ಸಂಕ್ಷೇಪವನ್ನು ಬರೆದರು ಎಂದಿಟ್ಟುಕೊಳ್ಳೋಣ. ಎರಡು ಫೀಡುಗಳನ್ನೂ ಕೂಡಿಸಿದಾಗ ಒಂದೇ ಪದಾರ್ಥಕ್ಕೆ ಎರಡು ಸಂಕ್ಷೇಪಗಳಿರುವುವು. ಯಾವುದು ಯಾರ ಮಾತೆಂಬುದಕ್ಕೆ ಗುರುತು ಉಳಿಯದು. ಟೀಕೆಯು ಮೂಲದೊಳಗೆ ಬೆರೆತ ಓಲೆಯ ಪ್ರತಿಯ ಅವಸ್ಥೆಯೇ ಇದು. ತ್ರಿಕಗಳ ಒಂದೊಂದು ಕಟ್ಟಿಗೂ ಒಂದು ಹೆಸರು ಕೊಟ್ಟು, ಹೇಳಿದವರನ್ನು ಆ ಹೆಸರಿಗೆ ಹೊಂದಿಸುವ ಉಪಾಯವನ್ನು ವಿದ್ವಾಂಸರು ಆಮೇಲೆ ಕಂಡುಕೊಂಡರು. ೨೦೦೮ರ ಸ್ಪಾರ್ಕಲ್ ಎಂಬ ಪ್ರಶ್ನಭಾಷೆಯಲ್ಲಿ ಅದಕ್ಕೆ ಸ್ಥಾನ ದೊರೆಯಿತು. ೨೦೧೪ರ ಆರ್‌ಡಿಎಫ್ ೧.೧ರಲ್ಲಿ ಅದು ಮೂಲಪದ್ಧತಿಯೊಳಗೇ ಸೇರಿತು. ಫೀಡುಗಳು ಪ್ರಬಲವಾಗಿದ್ದ ಕಾಲಕ್ಕೆ ಅದು ತಡವಾಗಿ ಬಂದಿತೆಂದೇ ಹೇಳಬೇಕು.

ಆರ್‌ಡಿಎಫ್ ಇಲ್ಲದ ಶಾಖೆಯ ಸ್ಥಿತಿಯು ಇದಕ್ಕಿಂತ ಮೇಲಾಗಿರಲಿಲ್ಲ. ೨.೦ನೆಯ ಆವೃತ್ತಿಯಲ್ಲಿ ‘ಗುಯಿಡ್’ ಎಂಬ ಗುರುತನ್ನು ಕೊಡಬಹುದಾಗಿತ್ತು, ಆದರೆ ಕೊಡಲೇಬೇಕೆಂದಿರಲಿಲ್ಲ. ಶೀರ್ಷಿಕೆ, ಸಂಕ್ಷೇಪ ಇವೆರಡರಲ್ಲಿ ಒಂದಿದ್ದರೆ ಸಾಕು, ಅದು ನಮೂದಾಗುತ್ತಿತ್ತು. ಹೆಸರಿಲ್ಲದ ಬರಹವನ್ನು ತಿದ್ದಿದರೆ ಓದುವ ತಂತ್ರಾಂಶವು ಅದನ್ನು ಹೊಸದೆಂದು ತಿಳಿದು ಮತ್ತೆ ತೋರಿಸುವುದು ಸಾಮಾನ್ಯವಾಗಿತ್ತು. ಸರಳತೆಯಿಂದ ಅದಕ್ಕೆ ಬಂದ ಜನಪ್ರಿಯತೆಯನ್ನು ಅಲ್ಲಗಳೆಯುವಂತಿಲ್ಲ. ಇಂದಿಗೂ ಪಾಡ್‌ಕಾಸ್ಟುಗಳೆಂಬ ಧ್ವನಿಸಂಚಿಕೆಗಳು ಹಂಚಲ್ಪಡುವುದು ಈ ರೂಪದಲ್ಲಿಯೇ.

೨೦೦೩ನೆಯ ಜೂನ್ ತಿಂಗಳಲ್ಲಿ ಸ್ಯಾಮ್ ರೂಬಿ ಅವರು ಈ ಜಗಳಗಳಿಂದ ದೂರವಾದ ಹೊಸ ರೂಪವೊಂದರ ಚರ್ಚೆಯನ್ನು ಆರಂಭಿಸಿದರು. ಅದೇ ಆಟಮ್ ಎಂಬ ಹೆಸರು ಪಡೆದು, ಮಾರ್ಕ್ ನಾಟಿಂಗ್‌ಹ್ಯಾಮ್, ರಾಬರ್ಟ್ ಸೇಯರ್ ಇವರ ಸಂಪಾದಕತ್ವದಲ್ಲಿ ೨೦೦೫ನೆಯ ಡಿಸೆಂಬರಿನಲ್ಲಿ ಆರ್‌ಎಫ್‌ಸಿ ೪೨೮೭ ಎಂಬ ಪ್ರಮಾಣಪತ್ರವಾಯಿತು. ಅದನ್ನು ಆರ್‌ಡಿಎಫ್‌ನಲ್ಲಿ ಬರೆಯಲಿಲ್ಲ. ಅರ್ಥಜಾಲದ ಪಕ್ಷದವರು ಇದನ್ನು ಸೋಲೆಂದೆಣಿಸಿದ್ದರೆ ಆಶ್ಚರ್ಯವಿಲ್ಲ. ಆದರೂ ನಮೂದಿಗೆ ನಿಶ್ಚಿತವಾದ ಅರ್ಥವನ್ನು ಕೊಡುವ ವಿಷಯದಲ್ಲಿ ಆರ್‌ಎಸ್‌ಎಸ್ ೧.೦ಕ್ಕಿಂತ ಆಟಮ್ ಬಹಳ ಮುಂದೆ ಹೋಯಿತು. ಪ್ರತಿಯೊಂದು ನಮೂದಿನಲ್ಲಿಯೂ ಗುರುತು, ಶೀರ್ಷಿಕೆ, ತಿದ್ದಿದ ಕಾಲ ಈ ಮೂರು ಇರಲೇಬೇಕು. ಗುರುತು ಲೇಖನದ ವಿಳಾಸವಾಗಿರಬೇಕಾದುದಿಲ್ಲ. ನಮೂದು ಒಂದು ತಾಣದಿಂದ ಇನ್ನೊಂದಕ್ಕೆ ಹೋದರೂ, ಬೇರೆಯವರು ಮರುಪ್ರಕಟಿಸಿದರೂ ಅದು ಬದಲಾಗಕೂಡದು. ಒಬ್ಬರ ನಮೂದನ್ನು ಇನ್ನೊಬ್ಬರ ಫೀಡಿನೊಳಗೆ ಪ್ರತಿಮಾಡಿದಾಗ ಮೂಲಫೀಡಿನ ವಿವರವನ್ನು ‘ಸೋರ್ಸ್’ ಎಂಬ ಅಂಗದಲ್ಲಿ ಜೊತೆಗೊಯ್ಯಲು ಅವಕಾಶವುಂಟು. ಕರ್ತೃವು ಬರಿಯ ಅಕ್ಷರಪಂಕ್ತಿಯಲ್ಲದೆ ಹೆಸರು, ವಿಳಾಸ, ಅಂಚೆ ಇವುಗಳುಳ್ಳ ಒಂದು ರಚನೆಯಾದನು. ಫೀಡಿನೊಳಗೆ ನಮೂದುಗಳ ಕ್ರಮಕ್ಕೆ ಅರ್ಥವಿಲ್ಲವೆಂದು ಸ್ಪಷ್ಟವಾಗಿ ಹೇಳಿದುದರಿಂದ ಆ ಅನುಕ್ರಮಪಟ್ಟಿಯ ಹೊರೆಯೂ ತಪ್ಪಿತು.

ಹೀಗಿರುವಲ್ಲಿ ಆಟಮ್ ನಮೂದನ್ನು ತ್ರಿಕಗಳನ್ನಾಗಿ ಪರಿವರ್ತಿಸುವ ಕಾರ್ಯವನ್ನು ಹೆನ್ರಿ ಸ್ಟೋರಿ ಮೊದಲಾದವರು ಕೈಕೊಂಡರು. ೨೦೦೬ರಲ್ಲಿ ರೂಪಗೊಂಡ ಅವರ ಆಟಮ್-ಔಲ್ ಎಂಬ ಪರಿಭಾಷೆಯು ಈ ಚರಿತ್ರೆಯಲ್ಲಿ ಅತ್ಯಂತ ಸ್ವಾರಸ್ಯವಾದ ಘಟ್ಟ. ಆಟಮ್ ಗುರುತನ್ನೇ ನಮೂದಿನ ಯುಆರ್‌ಐಯಾಗಿ ಇಟ್ಟುಬಿಡುವುದು ಸುಲಭವಾದ ಮಾರ್ಗವಾಗಿತ್ತು. ಆದರೆ ಹಾಗೆ ಮಾಡಿದರೆ ಏನಾಗುವುದು? ಒಂದು ಲೇಖನವು ಸೋಮವಾರ ಪ್ರಕಟವಾಯಿತು. ಮಂಗಳವಾರ ಅದರ ಶೀರ್ಷಿಕೆಯನ್ನು ತಿದ್ದಲಾಯಿತು. ಗುರುತು ಒಂದೇ, ಕಾಲ ಬೇರೆ, ಶೀರ್ಷಿಕೆಯೂ ಬೇರೆ. ಎರಡು ದಿನದ ಪ್ರತಿಗಳನ್ನೂ ಕೂಡಿಸಿದ ಯಂತ್ರದಲ್ಲಿ ಒಂದೇ ಪದಾರ್ಥಕ್ಕೆ ಎರಡು ಶೀರ್ಷಿಕೆ, ಎರಡು ಕಾಲ. ಯಾವ ಶೀರ್ಷಿಕೆ ಯಾವ ಕಾಲದ್ದೆಂದು ಹೇಳಲು ಬಾರದು. ಆದ್ದರಿಂದ ಅವರು ನಮೂದೆಂಬುದನ್ನು ಒಂದು ನಿರ್ದಿಷ್ಟ ಕಾಲದ ಪಾಠವೆಂದು ಭಾವಿಸಿ, ಗುರುತು ಮತ್ತು ತಿದ್ದಿದ ಕಾಲ ಇವೆರಡೂ ಕೂಡಿಯೇ ಅದನ್ನು ನಿರ್ಣಯಿಸುವುವೆಂದು ಇಟ್ಟುಕೊಂಡರು. ಗುರುತು ಒಂದೇ ಆಗಿ ಕಾಲ ಬೇರೆಯಾದರೆ ಒಂದೇ ಕೃತಿಯ ಎರಡು ಪಾಠಗಳು. ಎರಡೂ ಒಂದೇ ಆದರೆ ಒಂದೇ ಪಾಠದ ಎರಡು ಪ್ರತಿಗಳು. ಕೃತಿ, ಪಾಠ, ಪ್ರತಿ ಎಂಬ ಈ ಮೂರನ್ನು ಬೇರ್ಪಡಿಸದೆ ಗ್ರಂಥಸಂಪಾದನೆಯು ಒಂದು ಹೆಜ್ಜೆಯೂ ಮುಂದೆ ಹೋಗಲಾರದು. ಯಂತ್ರಗಳಿಗಾಗಿ ಬರೆಯುವವರು ಬೇರೊಂದು ದಾರಿಯಿಂದ ಬಂದು ಇದೇ ವಿಭಾಗವನ್ನು ತಲುಪಿದುದು ಗಮನಾರ್ಹವಾದುದು.

ಎರಡು ಗುಣಗಳು ಕೂಡಿ ಒಂದು ಪದಾರ್ಥವನ್ನು ನಿರ್ಣಯಿಸುವುವೆಂಬ ನಿಯಮವನ್ನು ಬರೆಯಲು ೨೦೦೪ರ ಔಲ್ ಎಂಬ ತರ್ಕಭಾಷೆಯಲ್ಲಿ ಸಾಧನವೇ ಇರಲಿಲ್ಲ. ೨೦೦೯ರ ಎರಡನೆಯ ಔಲ್‌ನಲ್ಲಿ ಅದು ಬಂದಿತು. ಆದರೆ ಯುಆರ್‌ಐ ಉಳ್ಳ ಪದಾರ್ಥಗಳಿಗೆ ಮಾತ್ರ. ಆಟಮ್-ಔಲ್‌ನ ನಮೂದುಗಳು ಅನೇಕವಾಗಿ ಯುಆರ್‌ಐ ಇಲ್ಲದ ಅನಾಮಿಕಗಳು! ಹೆಸರಿಲ್ಲದುದನ್ನು ಗುರುತಿಸುವುದಕ್ಕೆಂದು ಬೇಕಾಗಿದ್ದ ನಿಯಮವು ಹೆಸರಿದ್ದವರಿಗಷ್ಟೇ ದೊರೆತಂತಾಯಿತು.

ಕನ್ನಡದ ಬರಹಗಳಿಗೆ ಈ ಪರಿವರ್ತನೆಯಲ್ಲಿ ವಿಶೇಷವಾದ ಕೆಲವು ಸಂಗತಿಗಳಿವೆ. ಆಟಮ್‌ನಲ್ಲಿ ಶೀರ್ಷಿಕೆಗೆ ಭಾಷೆಯ ಚಿಹ್ನೆಯನ್ನು ಹಾಕಬಹುದು. ಕನ್ನಡಕ್ಕೆ ‘ಕೆಎನ್’ ಎಂಬ ಎರಡಕ್ಷರದ ಚಿಹ್ನೆ. ಶೀರ್ಷಿಕೆಯು ಬರಿಯ ಅಕ್ಷರಪಂಕ್ತಿಯಾಗಿದ್ದರೆ ಆರ್‌ಡಿಎಫ್‌ಗೆ ತಂದಾಗಲೂ ಆ ಚಿಹ್ನೆಯು ಉಳಿಯುವುದು. ಆದರೆ ಶೀರ್ಷಿಕೆಯೊಳಗೆ ಒಂದು ಪದವನ್ನು ಓರೆಯಕ್ಷರದಲ್ಲಿಟ್ಟು ಎಕ್ಸ್‌ಎಚ್‌ಟಿಎಮ್‌ಎಲ್ ರೂಪದಲ್ಲಿ ಬರೆದಿದ್ದರೆ, ೨೦೦೪ರ ಆರ್‌ಡಿಎಫ್‌ನ ಪ್ರಕಾರ ಅದು ಎಕ್ಸ್‌ಎಮ್‌ಎಲ್ ಜಾತಿಯ ಮೌಲ್ಯವಾಗಿಬಿಡುವುದು; ಅಂಥ ಮೌಲ್ಯಕ್ಕೆ ಭಾಷಾಚಿಹ್ನೆಯನ್ನು ಕೂಡಿಸಲು ಅವಕಾಶವಿಲ್ಲ. ಚಿಹ್ನೆಯನ್ನು ಒಳಗಿನ ಬರಹದಲ್ಲಿಯೇ ಮತ್ತೆ ಬರೆಯದಿದ್ದರೆ ಕನ್ನಡವೆಂಬ ಗುರುತು ಅಳಿಸಿಹೋಗುವುದು.

ಆಟಮ್ ಗುರುತಿನಲ್ಲಿ ಕನ್ನಡದ ಅಕ್ಷರಗಳನ್ನೇ ಬಳಸಲು ಅನುಮತಿಯುಂಟು. ಅದು ೨೦೦೫ರ ಐಆರ್‌ಐ ಎಂಬ ವ್ಯವಸ್ಥೆಯನ್ನು ಅನುಸರಿಸಿದೆ. ಎರಡು ಗುರುತುಗಳು ಒಂದೇಯೋ ಎಂಬುದನ್ನು ಅಕ್ಷರಾನುಅಕ್ಷರವಾಗಿ ಹೋಲಿಸಿ ತಿಳಿಯಬೇಕೆಂದು ನಿಯಮ. ಇಲ್ಲಿ ಕಣ್ಣಿಗೆ ಕಾಣದ ಒಂದು ಗುಂಡಿಯಿದೆ. ಯೂನಿಕೋಡ್ ಸಂಕೇತದಲ್ಲಿ ‘ಕೊ’ ಎಂಬುದನ್ನು ಎರಡು ಬಗೆಯಾಗಿ ಬರೆಯಬಹುದು: ಕಕಾರದ ಮುಂದೆ ಒಕಾರದ ಒಂದೇ ಚಿಹ್ನೆಯನ್ನಿಟ್ಟು, ಅಥವಾ ಎಕಾರದ ಚಿಹ್ನೆ, ಊಕಾರದ ಚಿಹ್ನೆ ಎಂಬೆರಡನ್ನು ಒಂದರ ಮುಂದೊಂದಿಟ್ಟು. ಪರದೆಯ ಮೇಲೆ ಎರಡೂ ಒಂದೇ. ಆದರೆ ಅಕ್ಷರಾನುಅಕ್ಷರ ಹೋಲಿಕೆಯಲ್ಲಿ ಅವು ಬೇರೆ. ಆದ್ದರಿಂದ ಎರಡು ಗುರುತುಗಳು, ಎರಡು ಪದಾರ್ಥಗಳು. ದೀರ್ಘ ಈಕಾರದ ಸ್ಥಿತಿಯೂ ಹೀಗೆಯೇ. ಬರೆಯುವ ಮುನ್ನವೇ ಒಂದು ಬಗೆಗೆ ಇಳಿಸಿಕೊಳ್ಳುವುದಲ್ಲದೆ ಇದಕ್ಕೆ ಬೇರೆ ಪರಿಹಾರವಿಲ್ಲ.

೨೦೦೭ನೆಯ ಸೆಪ್ಟೆಂಬರಿನಲ್ಲಿ ಕನ್ಸಾರ್ಷಿಯಮ್ಮಿನವರು ಗ್ರಿಡ್ಲ್ ಎಂಬ ವಿಧಾನವನ್ನು ಅಂಗೀಕರಿಸಿದರು. ಸಾಮಾನ್ಯವಾದ ಎಕ್ಸ್‌ಎಮ್‌ಎಲ್ ಕಡತವು ತನ್ನನ್ನು ತ್ರಿಕಗಳನ್ನಾಗಿ ಮಾರ್ಪಡಿಸುವ ಸೂತ್ರವು ಎಲ್ಲಿದೆಯೆಂಬುದನ್ನು ಇದರಿಂದ ತಾನೇ ಸೂಚಿಸಬಹುದು. ಬರೆಯುವವರು ಸರಳವಾದ ರೂಪದಲ್ಲಿ ಬರೆಯಲಿ, ಅರ್ಥ ಬೇಕಾದವರು ಸೂತ್ರದಿಂದ ಪಡೆಯಲಿ ಎಂಬುದೇ ಇದರ ಭಾವ. ೧೯೯೯ರಲ್ಲಿಯೇ ಈ ಮಾರ್ಗವು ತೋರಿದ್ದರೆ ಫೀಡುಗಳ ವಂಶವು ಒಡೆಯದೆ ಇರಬಹುದಾಗಿತ್ತು. ಅದೇ ತಿಂಗಳು ಹೊರಟ ಆರ್‌ಎಫ್‌ಸಿ ೫೦೦೫ ಎಂಬುದು ಹದಿನೈದರ ಪಟ್ಟಿಯಿಂದ ಉದುರಿದ ಹಳೆಯ ನಮೂದುಗಳಿಗೆ ಸಂಗ್ರಹವನ್ನು ಕಲ್ಪಿಸಿ, ಒಂದರಿಂದ ಹಿಂದಿನದಕ್ಕೆ ದಾರಿ ತೋರಿಸಿತು. ಒಂದು ಫೀಡು ತಾನು ಸಂಪೂರ್ಣವೆಂದು ಹೇಳಿಕೊಳ್ಳಲೂ ಅದರಲ್ಲಿ ಅವಕಾಶವಿತ್ತು. ಈ ಹೇಳಿಕೆಯು ಸಣ್ಣದಾಗಿ ಕಂಡರೂ ತರ್ಕದೃಷ್ಟಿಯಿಂದ ಬಹಳ ದೊಡ್ಡದು. ಅರ್ಥಜಾಲದಲ್ಲಿ ಹೇಳದೆ ಬಿಟ್ಟುದು ಸುಳ್ಳಲ್ಲ, ಅದು ತಿಳಿಯದ ಸಂಗತಿ ಮಾತ್ರ. ಫೀಡಿನಲ್ಲಿ ನಿನ್ನೆಯಿದ್ದ ನಮೂದು ಇಂದು ಕಾಣದಿದ್ದರೆ, ಪ್ರಕಾಶಕನು ಅದನ್ನು ಹಿಂತೆಗೆದುಕೊಂಡನೋ ಅಥವಾ ಹೊಸದಕ್ಕೆ ಎಡೆಮಾಡಲು ಅದು ಉದುರಿತೋ ಎಂಬುದನ್ನು ತ್ರಿಕಗಳಿಂದ ನಿರ್ಣಯಿಸಲಾಗದು. ಸಂಪೂರ್ಣವೆಂದು ಹೇಳಿಕೊಂಡ ಫೀಡಿನಲ್ಲಿ ಮಾತ್ರ ಇಲ್ಲವೆಂಬುದಕ್ಕೆ ಅರ್ಥ ಬರುವುದು.

೨೦೧೩ನೆಯ ಜುಲೈ ೧ರಂದು ಗೂಗಲ್ ಸಂಸ್ಥೆಯು ತನ್ನ ರೀಡರ್ ಎಂಬ ಫೀಡುವಾಚಕವನ್ನು ಮುಚ್ಚಿದಾಗ ಫೀಡುಗಳ ಕಾಲವೇ ಮುಗಿಯಿತೆಂದು ಅನೇಕರು ಬರೆದರು. ಅದು ಅತಿಶಯದ ಮಾತು. ಕನ್ನಡ ವಿಕಿಪೀಡಿಯದಲ್ಲಿ ಈಚಿನ ಬದಲಾವಣೆಗಳ ಪಟ್ಟಿಯು ಆಟಮ್ ರೂಪದಲ್ಲಿ ದೊರೆಯುತ್ತಲೇ ಇದೆ. ೨೦೧೭ನೆಯ ಮೇ ತಿಂಗಳಲ್ಲಿ ಅಂಗೀಕೃತವಾದ ಆಕ್ಟಿವಿಟಿ ಸ್ಟ್ರೀಮ್ಸ್ ೨.೦ ಎಂಬ ಪ್ರಮಾಣಪತ್ರದಲ್ಲಿ ನಮೂದು ಮತ್ತೆ ಅರ್ಥಜಾಲದ ಮನೆಗೆ ಬಂದಿದೆ. ಅದರ ಬರವಣಿಗೆಯು ಸರಳವಾದ ಜೇಸನ್ ರೂಪದ್ದು. ಜೇಸನ್-ಎಲ್‌ಡಿ ಎಂಬ ವಿಧಾನದಿಂದ ಅದನ್ನೇ ತ್ರಿಕಗಳಾಗಿಯೂ ಓದಬಹುದು. ಮಾಸ್ಟೊಡಾನ್ ಮೊದಲಾದ ಜಾಲಗಳಲ್ಲಿ ಬರಹಗಳು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವುದು ಈ ಪರಿಭಾಷೆಯಲ್ಲಿ.

ಲೋಪದ ಪ್ರಶ್ನೆಗೂ ಈ ಅವಧಿಯಲ್ಲಿ ಉತ್ತರವು ದೊರೆತಿದೆ. ೨೦೧೨ರ ಆರ್‌ಎಫ್‌ಸಿ ೬೭೨೧ ಎಂಬುದು ಆಟಮ್ ಫೀಡಿನಲ್ಲಿ ತೆಗೆದುಹಾಕಿದ ನಮೂದಿನ ಸ್ಥಾನದಲ್ಲಿ ಒಂದು ಸೂಚನೆಯನ್ನು ನಿಲ್ಲಿಸಲು ಕ್ರಮವನ್ನು ವಿಧಿಸಿತು. ತೆಗೆದ ನಮೂದಿನ ಗುರುತು, ತೆಗೆದ ಕಾಲ ಇವೆರಡೂ ಅದರಲ್ಲಿ ಇರಲೇಬೇಕು. ಆಕ್ಟಿವಿಟಿ ಸ್ಟ್ರೀಮ್ಸ್‌ನಲ್ಲಿ ಇದಕ್ಕೆ ಸಮಾನವಾದುದರ ಹೆಸರು ‘ಟೂಮ್‌ಸ್ಟೋನ್’, ಎಂದರೆ ಗೋರಿಯ ಕಲ್ಲು. ಅಳಿದ ಪದಾರ್ಥದ ಯುಆರ್‌ಐಯನ್ನೇ ಆ ಕಲ್ಲಿಗೂ ಇಟ್ಟು, ಮೊದಲು ಅದು ಯಾವ ಜಾತಿಯದಾಗಿತ್ತು, ಯಾವಾಗ ಅಳಿಯಿತು ಎಂಬುದನ್ನು ಅದರ ಮೇಲೆ ಬರೆಯಬಹುದು. ಬರಹದ ಪಾಠವು ಅದರಲ್ಲಿ ಇರುವುದಿಲ್ಲ.